ಭಾನುವಾರ ಎರಡು ಗಂಟೆಯ ಆಂಟಿ

ಒಲೆಯನ್ನು ಗೋಡೆಯಿಂದ ಈಚೆಗೆ ಎಳೆದು, ಅದರ ಹಿಂದೆ ಕೂತಿದ್ದ ಜಿಡ್ಡಿನ ಮೇಲೆ ಸೋಪಿನ ಬಿಸಿನೀರು ಸುರಿದೆ ನೋಡಿ, ಆ ವಾಸನೆ ಬಂತು. ಪೈನ್ ಎಣ್ಣೆ ಬೆರೆಸಿದ ಸೋಪಿನದು. ಈ ದೇಶದಲ್ಲಿ ಬಾಡಿಗೆ ಮನೆ ಬಿಡುವಾಗ ಒಲೆಯ ಹಿಂದೆಯೂ ತೊಳೆದು ಕೊಡಬೇಕು. ತಪಾಸಣೆಗೆ ಬರುವವರು ಮೊದಲು ನೋಡುವುದೇ ಅಲ್ಲಿ. ಕಾರ್ಲ್‌ಸ್ಟಾಡ್ ಎಂಬ ಸ್ವೀಡಿಷ್ ಊರಿನ ಮನೆ ಖಾಲಿ ಮಾಡುತ್ತಿದ್ದೆ. ಮೊಣಕಾಲೂರಿ ಬ್ರಷ್ ಹಿಡಿದವಳು ಹಾಗೇ ಎಷ್ಟೋ ಹೊತ್ತು ಕೂತುಬಿಟ್ಟೆ. ಒಲೆಯ ಹಿಂದೆ ಕೊಳೆ ಇರುತ್ತದೆ ಎಂದು ನನಗೆ ಹೇಳಿಕೊಟ್ಟವರು ಒಬ್ಬರಿದ್ದರು. ಒಂಬತ್ತು ವರ್ಷಗಳ ಹಿಂದೆ, ಶೋವ್ಡೆಯಲ್ಲಿ... ಅವರನ್ನು ನಾನು ಏಳು ತಿಂಗಳು ಅನುಮಾನಿಸಿದೆ, ಒಂದು ಮಧ್ಯಾಹ್ನ ದ್ವೇಷಿಸಿದೆ, ಆಮೇಲೆ ನೋಡಲೇ ಇಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಮನಸ್ಸಿನಲ್ಲಿ ಅವರನ್ನು ‘ಕಾಂಟ್ಯಾಕ್ಟ್ ಆಂಟಿ’ ಎನ್ನುತ್ತಿದ್ದೆ, ಎದುರಿಗೆ ಬರೀ ಆಂಟಿ. ಹೆತ್ತವರಿಂದ ದೂರವಾಗಿ ಫಾಸ್ಟರ್ ಮನೆಯಲ್ಲಿ, ಸಾಕುವವರ ಹತ್ತಿರ, ಬೆಳೆದ ಹುಡುಗ ಹುಡುಗಿಯರು ಓದು ಮುಗಿಸಿ ಹೊರಬಿದ್ದಾಗ, ಸ್ವಂತ ಕಾಲಿನ ಮೇಲೆ ನಿಲ್ಲುವವರೆಗೆ ಜೊತೆಗಿರಲಿ ಎಂದು ಕೊಮ್ಯೂನ್, ಅಂದರೆ ಊರಿನ ಆಡಳಿತ, ಒಬ್ಬರನ್ನು ಗೊತ್ತುಮಾಡುತ್ತದೆ. ಅವರೇ ಕಾಂಟ್ಯಾಕ್ಟ್ ಪರ್ಸನ್. ಅಧಿಕಾರಿಯಲ್ಲ, ನೆಂಟರಲ್ಲ. ವಾರಕ್ಕೊಂದು ಸಲ ಬರುತ್ತಾರೆ, ಮಾತಾಡುತ್ತಾರೆ, ಹೋಗುತ್ತಾರೆ. ಹಾಗೆ ಸುಮ್ಮನೆ ಬಂದು ಹೋಗುವವರನ್ನು ನಂಬುವ ಬುದ್ಧಿ ನನಗೆ ಇರಲಿಲ್ಲ.

ಅದಕ್ಕೆ ಕಾರಣವಿತ್ತು. ನಾಲ್ಕನೇ ಕ್ಲಾಸು ಅರಸೀಕೆರೆಯಲ್ಲಿ ಮುಗಿಸಿ ಅಪ್ಪ ಅಮ್ಮನ ಜೊತೆ ಟ್ರೋಲ್‌ಹೆಟ್ಟನ್‌ಗೆ ಬಂದವಳು ನಾನು. ಎರಡು ವರ್ಷಕ್ಕೆ ಅಮ್ಮ ಕಾಯಿಲೆಯಿಂದ ತೀರಿಕೊಂಡಳು. ಆಮೇಲೆ ಅಪ್ಪ ಹೊಡೆಯಲು ಶುರುಮಾಡಿದ. ಮೊದಮೊದಲು ಕೈಯಲ್ಲಿ, ಆಮೇಲೆ ಬೆಲ್ಟಿನಲ್ಲಿ. ಒಂದು ದಿನ ಸ್ಕೂಲಿನ ನರ್ಸ್ ಕೇಳಿದಾಗ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವತ್ತೇ ಸಂಜೆ ಸೋಶಿಯಲ್‌ನವರು, ಮಕ್ಕಳ ರಕ್ಷಣೆ ನೋಡಿಕೊಳ್ಳುವ ಇಲಾಖೆಯವರು, ನನ್ನನ್ನು ಕರೆದುಕೊಂಡು ಹೋದರು. ಶೋವ್ಡೆಯ ಹೊರಗೆ ಒಂದು ಸ್ವೀಡಿಷ್ ಮನೆಯಲ್ಲಿ ಆರು ವರ್ಷ ಬೆಳೆದೆ. ಅಪ್ಪ ಊರಿಗೆ ವಾಪಸ್ ಹೋಗಿ ಬೇರೆ ಮದುವೆಯಾದ.

ಹೊಡೆತಕ್ಕಿಂತ ಹೆಚ್ಚು ನೆನಪಿರುವುದು ನಮ್ಮ ಜನರ ಮಾತು. ಅಮ್ಮ ಸತ್ತಾಗ ಸರದಿಯ ಮೇಲೆ ಊಟ ತಂದುಕೊಟ್ಟ ಕನ್ನಡದ ಮನೆಗಳೇ ಆಮೇಲೆ ನನ್ನ ಬಗ್ಗೆ ಮಾತಾಡಿದವು. ‘ಹೆತ್ತ ಅಪ್ಪನನ್ನೇ ಹಿಡಿದುಕೊಟ್ಟ ಹುಡುಗಿ’ ಎಂದರು. ಇದನ್ನು ನನಗೆ ಹೇಳಿದ್ದು ನನ್ನ ಹಳೆಯ ಕ್ಲಾಸಿನ ಕನ್ನಡದ ಹುಡುಗಿ, ಅದೂ ಸ್ವೀಡಿಷ್‌ನಲ್ಲಿ. ಅವತ್ತಿನಿಂದ ಬಸ್ಸಿನಲ್ಲಿ ಯಾರಾದರೂ ಕನ್ನಡ ಮಾತಾಡಿದರೆ ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತಿದ್ದೆ.

ಹಾಗಿರುವಾಗ, ನನಗೆ ಹತ್ತೊಂಬತ್ತಾದ ಬೇಸಿಗೆಯಲ್ಲಿ, ಕೊಮ್ಯೂನಿನ ಅಧಿಕಾರಿ ಮುಖ ಅರಳಿಸಿಕೊಂಡು ಹೇಳಿದಳು: ನಿನ್ನ ಭಾಷೆಯವರೇ ಒಬ್ಬರು ಸಿಕ್ಕಿದ್ದಾರೆ! ಪಾಪ, ನನಗೆ ಖುಷಿಯಾಗುತ್ತದೆ ಎಂದುಕೊಂಡಿದ್ದಳು. ಬೇಡ ಎನ್ನಬಹುದಿತ್ತು. ಎಂದರೆ ಎಲ್ಲಿ ಕೊಮ್ಯೂನ್ ಕೊಡಲಿದ್ದ ಮನೆ ಕೈತಪ್ಪುತ್ತದೋ ಎಂದು ಒಪ್ಪಿಕೊಂಡೆ. ಹಾಗಂತ ಯಾರೂ ಹೇಳಿರಲಿಲ್ಲ, ನಾನೇ ಅಂದುಕೊಂಡದ್ದು.

ಆ ಮನೆಯ ವಿಷಯ ಹೇಳಬೇಕು. ಒಂದು ರೂಮು, ಒಂದು ಅಡುಗೆಮನೆ, ಮೂರನೇ ಮಹಡಿ. ಒಂದು ವರ್ಷ ಅದು ಕೊಮ್ಯೂನಿನ ಹೆಸರಿನಲ್ಲೇ ಇರುತ್ತದೆ. ಆ ವರ್ಷ ಗಲಾಟೆ ಇಲ್ಲದೆ, ಅಕ್ಕಪಕ್ಕದವರ ದೂರಿಲ್ಲದೆ, ಬೇರೆ ಯಾರನ್ನೂ ಇರಿಸಿಕೊಳ್ಳದೆ ಕಳೆದರೆ ಮನೆ ನನ್ನ ಹೆಸರಿಗೆ ಬರುತ್ತದೆ. ತಪ್ಪಿದರೆ ಖಾಲಿ ಮಾಡಬೇಕು. ಫಾಸ್ಟರ್ ಮನೆಯಲ್ಲಿ ನನ್ನ ರೂಮಿಗೆ ಆಗಲೇ ಬೇರೆ ಮಗು ಬಂದಿತ್ತು. ಅಂದರೆ ಹಿಂದಕ್ಕೆ ಹೋಗಲು ಬಾಗಿಲಿರಲಿಲ್ಲ. ಈ ಬಾಗಿಲೊಂದೇ.

ಮೊದಲ ಭೇಟಿ ಕಚೇರಿಯಲ್ಲಿ. ಅಧಿಕಾರಿ ಒಂದೇ ಸಮನೆ ಏನೇನೋ ವಿವರಿಸುತ್ತಿದ್ದಳು. ನನ್ನ ಕಿವಿ ಅಲ್ಲಿರಲಿಲ್ಲ, ಕಣ್ಣು ಮಾತ್ರ ಎದುರಿಗೆ ಕೂತವರ ಮೇಲಿತ್ತು. ಅರವತ್ತು ದಾಟಿದ ಹೆಂಗಸು. ಗಿಡ್ಡ, ದುಂಡಗಿನ ಮುಖ, ಹಣೆಗೆ ಸಣ್ಣ ಕುಂಕುಮ, ಗಂಡಸರು ಹಾಕಿಕೊಳ್ಳುವಂಥ ದೊಡ್ಡ ನೀಲಿ ಜಾಕೆಟ್. ಯಾವುದೋ ಡಾಗಿಸ್‌ನಲ್ಲಿ, ಅಂದರೆ ಮಕ್ಕಳ ಶಿಶುವಿಹಾರದಲ್ಲಿ, ಇಪ್ಪತ್ತು ವರ್ಷ ಅಡುಗೆ ಮಾಡಿ ನಿವೃತ್ತರಾದವರಂತೆ. ಹೊರಗೆ ಬಂದಮೇಲೆ ಒಂದೇ ಮಾತು ಕೇಳಿದರು, ‘ಊಟಾ ಏನ್ ಮಾಡ್ತೀವಾ?’ ಧಾರವಾಡದ ಕಡೆಯವರು. ಅಮ್ಮ ಹೋದಮೇಲೆ ನನ್ನನ್ನು ಯಾರಾದರೂ ಕನ್ನಡದಲ್ಲಿ ಊಟದ ಬಗ್ಗೆ ಕೇಳಿದ್ದು ಅದೇ ಮೊದಲು. ಎಲಾ ಇವಳಾ, ಶುರುವಿಗೇ ಬೆಣ್ಣೆ ಹಚ್ಚುತ್ತಾಳೆ, ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಸರಿಯಾಗಿ ಎರಡಕ್ಕೆ ಬೆಲ್ಲು. ಬಾಗಿಲು ತೆಗೆದರೆ ಒಳಗೆ ಬರುತ್ತಿರಲಿಲ್ಲ. ‘ಒಳಗ ಕರೀತಿಯೋ, ಇಲ್ಲೇ ನಿಂತು ಮಾತಾಡೂಣೋ?’ ಎಂದು ಪ್ರತಿಸಲ ಕೇಳುತ್ತಿದ್ದರು. ಪ್ರತಿಸಲ! ನಮ್ಮ ಜನ ಹಾಗೆ ಕೇಳುವುದನ್ನು ನಾನು ಕಂಡಿರಲಿಲ್ಲ. ಇದು ಯಾವುದೋ ಪರೀಕ್ಷೆ ಇರಬೇಕು ಎನಿಸಿತು. ಎರಡನೆಯ ವಾರ ಬೇಕೆಂದೇ ‘ಇಲ್ಲೇ ಮಾತಾಡೋಣ’ ಅಂದೆ. ನಲವತ್ತು ನಿಮಿಷ ಮೆಟ್ಟಿಲ ಮೇಲೆ ಕೂತು, ಡಾಗಿಸ್‌ನ ಮಕ್ಕಳಿಗೆ ಚಿತ್ರಾನ್ನ ಮಾಡಿ ಬಡಿಸಿ ಬೈಸಿಕೊಂಡ ಕಥೆ ಹೇಳಿ ಎದ್ದುಹೋದರು. ಮುಂದಿನ ವಾರ ಮತ್ತೆ ಅದೇ ಪ್ರಶ್ನೆ. ಸೋತು ಒಳಗೆ ಕರೆದೆ.

ಒಳಗೆ ಬಂದವರು ಮಾಡಿದ ಮೊದಲ ಕೆಲಸ ಒಲೆ ಎಳೆದದ್ದು. ‘ಹಿಂದ ನೋಡು. ಇದು ನಿನ್ನ ಕೊಳಿ ಅಲ್ಲ, ನಿನಗಿಂತ ಮೊದಲಿದ್ದವರದು. ಆದ್ರ ನಾಳಿಗೆ ನಿನ್ನ ಹೆಸರಿಗೆ ಬರೀತಾರ. ಇವತ್ತ ತೊಳದು ಫೋಟೋ ತಗದು ಇಟ್ಟುಬಿಡು.’ ಇಬ್ಬರೂ ಸೇರಿ ತೊಳೆದೆವು. ಪೈನ್ ಸೋಪು ಅವರ ಚೀಲದಲ್ಲೇ ಇತ್ತು. ನನಗಿಂತ ಸಂಶಯದ ಹೆಂಗಸು ಎಂದು ಒಂದು ಕ್ಷಣ ಮೆಚ್ಚುಗೆಯಾಯಿತು. ಮರುಕ್ಷಣವೇ, ನನ್ನ ಮನೆಯ ಮೂಲೆಮೂಲೆ ನೋಡಲು ಇದೊಂದು ನೆಪ ಅನ್ನಿಸಿತು. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗೆ.

ಬಟ್ಟೆ ಒಗೆಯುವ ರೂಮು ಕಟ್ಟಡಕ್ಕೆಲ್ಲ ಒಂದೇ, ನೆಲಮಾಳಿಗೆಯಲ್ಲಿ. ಮೊದಲೇ ಸಮಯ ಹಿಡಿದಿಡಬೇಕು, ಹೇಳಿದ ಗಂಟೆಗೆ ಮುಗಿಸಬೇಕು, ಒಣಗಿಸುವ ಮೆಷಿನ್ನಿನ ಜಾಳಿಗೆಯಲ್ಲಿ ಕೂತ ನೂಲಿನ ಧೂಳನ್ನು ತೆಗೆಯಬೇಕು. ತೆಗೆಯದಿದ್ದರೆ ಯಾರೂ ಬಂದು ಬೈಯುವುದಿಲ್ಲ. ಗೋಡೆಗೆ ಒಂದು ಚೀಟಿ ಅಂಟಿಸುತ್ತಾರೆ, ತುಂಬ ವಿನಯವಾಗಿ. ಅಂಥ ಮೂರು ಚೀಟಿಯಾದರೆ ದೂರು. ಇದನ್ನು ಆಂಟಿ ನನಗೆ ನಿಂತು ಕಲಿಸಿದರು. ‘ಈ ದೇಶದಾಗ ಮನಿ ಹೋಗೂದು ಜಗಳದಿಂದಲ್ಲವಾ, ಚೀಟಿಯಿಂದ,’ ಎನ್ನುತ್ತಿದ್ದರು. ನನ್ನ ಸರದಿ ಮುಗಿದಮೇಲೆ ತಾವೂ ಒಮ್ಮೆ ಜಾಳಿಗೆಯ ಮೇಲೆ ಬೆರಳಾಡಿಸಿ ನೋಡುತ್ತಿದ್ದರು. ಅದು ನನಗೆ ಆಗುತ್ತಿರಲಿಲ್ಲ.

ಅದಕ್ಕಿಂತ ಆಗದಿದ್ದದ್ದು ಅವರ ಸಣ್ಣ ನೋಟ್‌ಬುಕ್. ನನ್ನ ಮನೆಯಿಂದ ಹೊರಟವರು ನೇರವಾಗಿ ಇಳಿದು ಹೋಗುತ್ತಿರಲಿಲ್ಲ. ಮೆಟ್ಟಿಲ ಬಳಿ ನಿಂತು, ಕನ್ನಡಕ ಹಾಕಿಕೊಂಡು, ಏನೋ ಬರೆದುಕೊಳ್ಳುತ್ತಿದ್ದರು. ಬಾಗಿಲಿನ ಕಿಂಡಿಗೆ ಕಣ್ಣಿಟ್ಟು ನಾನು ನೋಡುತ್ತಿದ್ದೆ. ಫ್ರಿಜ್ಜಿನಲ್ಲಿ ಏನಿತ್ತು, ಹಾಸಿಗೆ ಮಡಚಿತ್ತೋ ಇಲ್ಲವೋ, ಎದುರು ಮಾತಾಡಿದೆನೋ... ಎಲ್ಲವೂ ಕೊಮ್ಯೂನಿಗೆ ಹೋಗುತ್ತಿದೆ ಎಂದು ನನಗೆ ಖಾತ್ರಿಯಾಯಿತು. ಒಂದು ಭಾನುವಾರ ಅವರು ಬಚ್ಚಲಿಗೆ ಹೋದಾಗ ಚೀಲದಿಂದ ತೆಗೆದು ನೋಡಿಯೂ ಬಿಟ್ಟೆ. ಪುಟಗಟ್ಟಲೆ ಬಸ್ಸಿನ ಸಮಯ. ಎಷ್ಟಕ್ಕೆ ಬರಬೇಕಿತ್ತು, ಎಷ್ಟಕ್ಕೆ ಬಂತು. ಬಸ್ಸಿನವರ ಮೇಲೂ ಇವರಿಗೆ ಕಣ್ಣು! ಹಾಗಾದರೆ ನನ್ನದು ಬರೆಯುವ ಪುಸ್ತಕ ಬೇರೆ ಇರಬೇಕು, ಅದನ್ನು ಮನೆಯಲ್ಲಿಟ್ಟು ಬರುತ್ತಾರೆ ಎಂದು ತೀರ್ಮಾನಿಸಿದೆ. ಅನುಮಾನಕ್ಕೆ ಅನ್ನ ಹಾಕಲು ನನಗೆ ಯಾವ ಸಾಮಾನೂ ಕಡಿಮೆ ಬೀಳುತ್ತಿರಲಿಲ್ಲ.

ನವೆಂಬರ್‌ನಲ್ಲಿ ಒಂದು ತಪ್ಪು ಮಾಡಿದೆ. ನನ್ನ ಜೊತೆ ಓದಿದ ಗೆಳತಿಯೊಬ್ಬಳನ್ನು ಅವಳ ಮಲತಂದೆ ಹೊರಗೆ ಹಾಕಿದ. ಹನ್ನೊಂದು ದಿನ ನನ್ನ ಸೋಫಾದ ಮೇಲೆ ಮಲಗಿದ್ದಳು. ನಿಯಮಕ್ಕೆ ವಿರುದ್ಧ, ಗೊತ್ತಿತ್ತು. ಭಾನುವಾರ ಎರಡಕ್ಕೆ ಮುಂಚೆ ಅವಳನ್ನು ಲೈಬ್ರರಿಗೆ ಕಳಿಸಿ, ಹೊದಿಕೆ ಮಡಚಿ ಕಪಾಟಿನಲ್ಲಿ ತುರುಕಿದೆ. ಆದರೆ ಬಚ್ಚಲಲ್ಲಿ ಎರಡು ಟೂತ್‌ಬ್ರಷ್, ಬಾಗಿಲ ಬಳಿ ನನ್ನ ಪಾದಕ್ಕಿಂತ ದೊಡ್ಡದೊಂದು ಜೊತೆ ಬೂಟು ಉಳಿದುಬಿಟ್ಟವು. ಆಂಟಿ ಒಳಗೆ ಬಂದು ತಮ್ಮ ಬೂಟು ಬಿಚ್ಚಿದರು. ಆ ದೊಡ್ಡ ಬೂಟನ್ನು ಗೋಡೆಗೆ ಸರಿಸಿ ತಮ್ಮದನ್ನು ಪಕ್ಕಕ್ಕಿಟ್ಟರು. ನಾನು ಕೇಳದಿದ್ದರೂ ‘ಸೇಲ್‌ನಲ್ಲಿ ಸಿಕ್ತು, ಸೈಜು ದೊಡ್ಡದಾಯ್ತು’ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಕಳ್ಳ ಎಂದೂ ಅಂದಿರಲಿಲ್ಲ.

‘ಹಿಟ್ಟು ತಂದೀನಿ. ರೊಟ್ಟಿ ಬಡಿಯೂದು ಕಲಿಸ್ತೀನಿ ಬಾ,’ ಅಂದರು. ಜೋಳದ ಹಿಟ್ಟು. ಬಡಿದು ಬಡಿದು ಹತ್ತು ರೊಟ್ಟಿ ಮಾಡಿದೆವು. ನನ್ನವು ಒಂದೂ ದುಂಡಗೆ ಬರಲಿಲ್ಲ. ಇಬ್ಬರೂ ಸೇರಿ ತಿಂದದ್ದು ನಾಲ್ಕು. ‘ಉಳದದ್ದು ಇಟ್ಕೋ. ಹಸಿವಿ ಆಗ್ತದ,’ ಎಂದು ಬಟ್ಟೆಯಲ್ಲಿ ಸುತ್ತಿ ಇಟ್ಟು ಹೋದರು. ಒಬ್ಬಳಿಗೆ ಆರು ರೊಟ್ಟಿ ಯಾತಕ್ಕೆ? ಗೊತ್ತಾಗಿದೆ ಎಂದಾಯಿತು. ಆ ವಾರವಿಡೀ ಫೋನ್ ರಿಂಗಾದರೆ ಮೊದಲು ಯಾರ ನಂಬರು ಎಂದು ನೋಡುತ್ತಿದ್ದೆ. ಕೊಮ್ಯೂನಿನಿಂದ ಕರೆ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಗೆಳತಿ ಬೇರೆ ಜಾಗ ಸಿಕ್ಕಿ ಹೋದಳು. ಸಮಾಧಾನವಾಗಬೇಕಿತ್ತು. ನನಗೋ, ಹಗ್ಗ ಸಡಿಲ ಬಿಟ್ಟು ನೋಡುತ್ತಿದ್ದಾಳೆ, ಸಮಯ ಬಂದಾಗ ಎಳೆಯುತ್ತಾಳೆ ಎಂಬ ಹೊಸ ಚಿಂತೆ ಶುರುವಾಯಿತು.

ಇಷ್ಟೆಲ್ಲದರ ಮಧ್ಯೆಯೂ, ನಿಜ ಹೇಳಬೇಕೆಂದರೆ, ಚಳಿಗಾಲದ ಹೊತ್ತಿಗೆ ನಾನು ಭಾನುವಾರಕ್ಕೆ ಕಾಯುತ್ತಿದ್ದೆ. ಒಂದೂವರೆಗೇ ಕಾಫಿಗೆ ನೀರಿಡುತ್ತಿದ್ದೆ. ಮರೆತುಹೋಗಿದ್ದ ಕನ್ನಡ ಒಂದೊಂದೇ ಮಾತಾಗಿ ಬಾಯಿಗೆ ಬರುತ್ತಿತ್ತು, ಅದೂ ಅರ್ಧ ಅರಸೀಕೆರೆ ಅರ್ಧ ಧಾರವಾಡ. ತಪ್ಪು ಮಾತಾಡಿದರೆ ಅವರು ತಿದ್ದುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಅಪ್ಪನ ವಿಷಯವನ್ನು ಒಂದು ದಿನವೂ ಕೆದಕಲಿಲ್ಲ. ಅದೇ ನನಗೆ ಮತ್ತೆ ಗುಮಾನಿ. ನಮ್ಮ ಹೆಂಗಸೊಬ್ಬಳು ಏಳು ತಿಂಗಳು ಅಪ್ಪ ಎಲ್ಲಿ ಎಂದು ಕೇಳದೆ ಇರುತ್ತಾಳೆಂದರೆ, ಕೇಳುವ ಅಗತ್ಯವಿಲ್ಲದಷ್ಟು ಆಗಲೇ ಗೊತ್ತಿದೆ ಎಂದು ತಾನೆ ಅರ್ಥ?

ಮಾರ್ಚ್‌ನಲ್ಲಿ ಅವರೇ ಹೇಳಿದರು, ಸುತ್ತಮುತ್ತಲ ಊರಿನ ಕನ್ನಡದವರು ಸೇರಿ ಒಂದು ಹಾಲ್ ಹಿಡಿದು ಯುಗಾದಿ ಮಾಡುತ್ತಾರೆ ಎಂದು. ‘ನಿನಗ ಹೋಗಬೇಕನಿಸಿದ್ರ ಹೋಗು, ಬ್ಯಾಡಾದ್ರ ಬಿಡು. ಆದ್ರ ಹೋಗೂದಾದ್ರ ನನಗ ಮೊದಲ ಹೇಳವಾ, ಮರೀಬ್ಯಾಡ.’ ಯಾಕೆ ಮೊದಲು ಹೇಳಬೇಕು? ಕೇಳಲಿಲ್ಲ ನಾನು. ಕೇಳಿದ್ದರೆ ಈ ಲೇಖನ ಇರುತ್ತಿರಲಿಲ್ಲ. ನಾನು ಬರುವ ಮುಂಚೆಯೇ ನನ್ನ ಪುರಾಣವನ್ನು ಹಾಲಿನ ತುಂಬ ಹಂಚಿರುತ್ತಾಳೆ ಎಂದುಕೊಂಡೆ. ಹೇಳದೆಯೇ ಹೋಗಿ ಕೈಯಾರೆ ಹಿಡಿಯಬೇಕು ಎಂದು ಹಟ ಬಂತು.

ಹಾಲ್ ಸಣ್ಣದು, ಜನ ಎಂಬತ್ತರಷ್ಟು. ಯುನಿವರ್ಸಿಟಿಯ ಹುಡುಗರು, ಎಂಜಿನಿಯರುಗಳು, ಸ್ವೀಡಿಷ್‌ನಲ್ಲಿ ಕಿರುಚಾಡುತ್ತ ಓಡುವ ಮಕ್ಕಳು. ಏಳು ವರ್ಷದಲ್ಲಿ ಹಳಬರೆಲ್ಲ ಹೋಗಿ ಹೊಸಬರೇ ತುಂಬಿದ್ದರು; ನನ್ನ ಗುರುತು ಯಾರಿಗೂ ಹತ್ತಲಿಲ್ಲ. ‘ಹಾಯ್, ನೀವು ಹೊಸಬ್ರಾ? ಪಿಎಚ್‌ಡಿ ಮಾಡ್ತಿದೀರಾ?’ ಎಂದು ಒಬ್ಬಳು ಕೇಳಿದಳು. ಹೂಂ ಎಂದೆ. ಎಷ್ಟು ಸುಲಭವಾಗಿತ್ತು! ಒಂದು ಹೂಂಗೆ ನಾನು ಎಲ್ಲರಂಥ ಹುಡುಗಿಯಾಗಿಬಿಟ್ಟೆ.

ಆಮೇಲೆ ಆಂಟಿ ಕಂಡರು. ನೀಲಿ ಜಾಕೆಟ್ ಇರಲಿಲ್ಲ, ಇಳಕಲ್ ಸೀರೆ ಉಟ್ಟಿದ್ದರು. ನನ್ನನ್ನು ನೋಡಿದರು. ನೋಡಿದ್ದು ನನಗೆ ಚೆನ್ನಾಗಿ ಗೊತ್ತು, ಕಣ್ಣಿಗೆ ಕಣ್ಣು ಸೇರಿತ್ತು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಊಟದ ಸಾಲಿನಲ್ಲಿ ನನ್ನ ಪಕ್ಕಕ್ಕೇ ಬಂದು ನಿಂತರು. ಮಾತಾಡಿಸಲಿಲ್ಲ. ನಾನು ನೀರು ತರಲು ಹೋದರೆ ಅಲ್ಲಿಗೂ ಬಂದರು, ಲೋಟ ಹಿಡಿದು ಸುಮ್ಮನೆ ನಿಂತರು. ಮೂರನೆಯ ಸಲ ಕಿಟಕಿಯ ಹತ್ತಿರ. ಕಾವಲು ಕಾಯುತ್ತಿದ್ದಾಳೆ ಎಂದು ಮೈ ಉರಿಯಿತು. ಆಗ ಅವರ ಪಕ್ಕದಲ್ಲಿದ್ದ ರೇಷ್ಮೆ ಸೀರೆಯ ಹೆಂಗಸು ನನ್ನತ್ತ ಗಲ್ಲ ಎತ್ತಿ ತೋರಿಸಿ, ‘ಯಾರ್ರೀ ಆ ಹುಡುಗಿ? ನಿಮಗೇನಾದ್ರೂ ಪರಿಚಯಾನಾ?’ ಅಂದಳು.

‘ಗೊತ್ತಿಲ್ಲಪ್ಪ, ನಾನು ನೋಡಿಲ್ಲ. ಹೊಸಬರಿರ್ಬೇಕು,’ ಅಂದರು ಆಂಟಿ. ಅದೂ ಬೆಂಗಳೂರಿನವರ ಹಾಗೆ, ಧಾರವಾಡದ ಸುಳಿವಿಲ್ಲದ ಕನ್ನಡದಲ್ಲಿ. ಮನೆಯಲ್ಲಿ ಒಂದು ಮಾತು, ಹೊರಗೆ ಒಂದು ಮಾತು. ಎರಡು ನಾಲಿಗೆಯವಳು.

ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟು ಬಂದೆ. ಬಸ್ ಸ್ಟಾಪಿನಲ್ಲಿ ನಿಂತು ಅತ್ತೆ, ಕೆಟ್ಟದಾಗಿ ಅತ್ತೆ. ನಾಲ್ಕು ಗೋಡೆಯೊಳಗೆ ರೊಟ್ಟಿ ಬಡಿಯಬಹುದು, ಜನರೆದುರು ಇವಳು ನಮ್ಮ ಹುಡುಗಿ ಎಂದು ಹೇಳಲಾಗುವುದಿಲ್ಲ. ಅಪ್ಪನನ್ನು ಹಿಡಿದುಕೊಟ್ಟವಳಲ್ಲವೇ ನಾನು! ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮೊದಲಿಂದ ಗೊತ್ತಿದ್ದೂ ಕಾಫಿಗೆ ನೀರಿಟ್ಟುಕೊಂಡು ಕಾದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಸೋಮವಾರ ಕೊಮ್ಯೂನಿಗೆ ಫೋನ್ ಮಾಡಿ, ನನಗೆ ಕಾಂಟ್ಯಾಕ್ಟ್ ಪರ್ಸನ್ ಬೇಡ ಎಂದೆ. ಯಾಕೆ ಎಂದರು. ಹೇಳಲಿಲ್ಲ. ಗುರುವಾರ ಅಧಿಕಾರಿ ಮತ್ತೆ ಕರೆ ಮಾಡಿದಳು: ಅವರು ನಿನಗೊಂದು ವಿಷಯ ತಿಳಿಸಬೇಕು ಅಂತಿದ್ದಾರೆ, ಕೇಳುತ್ತೀಯಾ? ಬೇಡ, ಥ್ಯಾಂಕ್ಸ್, ಎಂದೆ. ಇನ್ನೊಮ್ಮೆ ಕೇಳಿದಳು. ಇನ್ನೊಮ್ಮೆ ಬೇಡ ಎಂದೆ. ಮುಂದಿನ ಭಾನುವಾರ ಎರಡಕ್ಕೆ ಬಾಗಿಲಿನ ಕಿಂಡಿಯ ಬಳಿ ನಿಂತಿದ್ದೆ, ಯಾಕೋ ಗೊತ್ತಿಲ್ಲ... ಬೆಲ್ ಆಗಲಿಲ್ಲ.

ಮನೆ ಆಗಸ್ಟ್‌ನಲ್ಲಿ ನನ್ನ ಹೆಸರಿಗೆ ಬಂತು. ಚೀಟಿಯಿಲ್ಲದೆ, ದೂರಿಲ್ಲದೆ ವರ್ಷ ಕಳೆದಿದ್ದೆ. ಯಾರ ಹಂಗೂ ಇಲ್ಲದೆ ಗೆದ್ದೆ ಎಂದು ಬೀಗಿದೆ. ಎರಡು ವರ್ಷದ ಮೇಲೆ ಓದಲು ಕಾರ್ಲ್‌ಸ್ಟಾಡ್‌ಗೆ ಬಂದೆ, ಇಲ್ಲೇ ಕೆಲಸವೂ ಸಿಕ್ಕಿತು. ಆಂಟಿಯನ್ನು ಮರೆತೆ ಎಂದರೆ ಸುಳ್ಳು. ಆದರೆ ನೆನಪಾದಾಗಲೆಲ್ಲ ಅವರ ಆ ಅಲ್ಲಾಡದ ಮುಖವೇ ಮೊದಲು ಬರುತ್ತಿತ್ತು, ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದೆ.

ಒಲೆಯ ಹಿಂದೆ ಕೂತ ಆ ದಿನ ಮಾತ್ರ ನಿಲ್ಲಿಸಲಾಗಲಿಲ್ಲ. ಇಲ್ಲಿ ನಮ್ಮ ಬಗ್ಗೆ ಸೋಶಿಯಲ್‌ನವರು ಬರೆದಿಟ್ಟ ಕಡತವನ್ನು ನಾವೇ ಕೇಳಿ ಪಡೆಯಬಹುದು. ಫಾಸ್ಟರ್ ಮನೆಯಲ್ಲಿ ಬೆಳೆದ ತುಂಬ ಜನ ಒಂದಲ್ಲ ಒಂದು ದಿನ ಕೇಳುತ್ತಾರೆ. ನಾನು ಇಷ್ಟು ವರ್ಷ ಕೇಳಿರಲಿಲ್ಲ. ಆಂಟಿ ನನ್ನ ಬಗ್ಗೆ ಏನೇನು ಚಾಡಿ ಹೇಳಿದ್ದಾರೆ ನೋಡೇಬಿಡೋಣ ಎಂದು ಅವತ್ತು ಅರ್ಜಿ ಹಾಕಿದೆ. ಮೂರು ವಾರಕ್ಕೆ ದಪ್ಪ ಲಕೋಟೆ ಬಂತು. ಮೊದಲು ಪುಟಸಂಖ್ಯೆ ಸರಿಯಾಗಿದೆಯೇ, ಮಧ್ಯೆ ಯಾವುದಾದರೂ ಕಿತ್ತಿದ್ದಾರೆಯೇ ಎಂದು ನೋಡಿದೆ. ಹುಟ್ಟುಗುಣ ಎಲ್ಲಿ ಹೋಗುತ್ತದೆ.

ಅಪ್ಪನ ಕಾಲದ ಪುಟಗಳನ್ನು ದಾಟಿಸಿ ಕೊನೆಗೆ ಹೋದೆ. ಆಂಟಿಯ ವರದಿಗಳು ತಿಂಗಳಿಗೊಂದು, ಎರಡೆರಡೇ ಸಾಲು. ‘ನಾಲ್ಕು ಸಲ ಭೇಟಿ. ಮನೆ ಚೊಕ್ಕಟವಾಗಿದೆ.’ ‘ನಾಲ್ಕು ಸಲ ಭೇಟಿ. ಕಾಫಿ ಕುಡಿದೆವು.’ ನವೆಂಬರ್‌ನದನ್ನು ಬೆರಳಿಟ್ಟು ಹುಡುಕಿದೆ. ‘ನಾಲ್ಕು ಸಲ ಭೇಟಿ. ರೊಟ್ಟಿ ಮಾಡಿದೆವು. ಎಲ್ಲ ಸರಿಯಾಗಿದೆ.’ ಬೂಟಿಲ್ಲ, ಟೂತ್‌ಬ್ರಷ್ ಇಲ್ಲ. ಏಳು ತಿಂಗಳಲ್ಲಿ ನನ್ನ ಬಗ್ಗೆ ಅವರು ಬರೆದದ್ದು ಒಟ್ಟು ಒಂದು ಪುಟವೂ ತುಂಬಲಿಲ್ಲ.

ಅದರ ಮುಂಚಿನ ಪುಟ, ಮೊದಲ ಭೇಟಿಯ ಒಪ್ಪಂದ. ಅದರಲ್ಲಿ ಹೀಗಿತ್ತು: ‘ಹೊರಗೆ ಎಲ್ಲಾದರೂ ಎದುರಾದರೆ ಕಾಂಟ್ಯಾಕ್ಟ್ ಪರ್ಸನ್ ತಾವಾಗಿ ಮಾತಾಡಿಸುವುದಿಲ್ಲ, ಪರಿಚಯ ತೋರಿಸುವುದಿಲ್ಲ. ಯುವತಿ ತಾನೇ ಮೊದಲು ಮಾತಾಡಿಸಿದರೆ ಮಾತ್ರ ಉತ್ತರಿಸುತ್ತಾರೆ. ಇದನ್ನು ಸೇರಿಸಬೇಕೆಂದು ಕೇಳಿಕೊಂಡವರು ಕಾಂಟ್ಯಾಕ್ಟ್ ಪರ್ಸನ್. ಅವರ ಈ ಕೆಲಸ ಅವರ ಭಾಷೆಯ ಜನರಿಗೆ ಗೊತ್ತಿದೆ. ಅವರು ಯಾವ ಹುಡುಗಿಯ ಜೊತೆ ಮಾತಾಡಿದರೂ ಅವಳು ಸೋಶಿಯಲ್‌ನ ಹುಡುಗಿ ಎಂದು ಎಲ್ಲರಿಗೂ ತಿಳಿದುಹೋಗುತ್ತದೆ. ತಿಳಿಯಬೇಕೋ ಬೇಡವೋ ಎನ್ನುವುದು ಯುವತಿಗೆ ಬಿಟ್ಟದ್ದು.’ ಕೆಳಗೆ ಮೂರು ಸಹಿ. ಮೂರನೆಯದು ನನ್ನದು.

ಲೋಕದಲ್ಲಿ ಎಲ್ಲರನ್ನೂ ಅನುಮಾನಿಸಿದವಳು, ಸಹಿ ಹಾಕುವ ಕಾಗದವನ್ನು ಮಾತ್ರ ಓದದೆ ಹಾಕಿದ್ದೆ. ಅಧಿಕಾರಿ ಅದನ್ನೆಲ್ಲ ವಿವರಿಸುವಾಗ ನಾನು ಕುಂಕುಮ, ಜಾಕೆಟ್ ನೋಡುತ್ತ ಕೂತಿದ್ದೆನಲ್ಲ... ಯುಗಾದಿಯ ದಿನ ಆಂಟಿ ಮೂರು ಸಲ ನನ್ನ ಪಕ್ಕ ಬಂದು ನಿಂತದ್ದು ಕಾವಲಿಗಲ್ಲ. ನಾನು ಬಾಯಿ ತೆರೆಯಲಿ ಎಂದು. ಒಂದು ನಮಸ್ಕಾರ ಅಂದಿದ್ದರೆ ಸಾಕಿತ್ತು. ಅಲ್ಲಿಗೆ ಹೋಗುವ ಮುಂಚೆ ಹೇಳು ಅಂದದ್ದೂ ಇದನ್ನು ನೆನಪಿಸಲೆಂದೇ ಇರಬೇಕು.

ಕಡತದ ಕೊನೆಯ ಟಿಪ್ಪಣಿ ಅಧಿಕಾರಿಯದು: ‘ಯುವತಿ ಸಂಪರ್ಕ ಮುಂದುವರಿಸಲು ಇಷ್ಟಪಡುತ್ತಿಲ್ಲ. ಕಾಂಟ್ಯಾಕ್ಟ್ ಪರ್ಸನ್ ಕೊಡಬಯಸಿದ ವಿವರಣೆ ಕೇಳಲು ಎರಡು ಸಲ ನಿರಾಕರಿಸಿದ್ದಾಳೆ. ಕಾಂಟ್ಯಾಕ್ಟ್ ಪರ್ಸನ್ ಇದನ್ನು ಗೌರವಿಸುತ್ತಾರೆ. ಅವರದು ಒಂದೇ ಕೋರಿಕೆ: ಈ ನಿರ್ಧಾರದಿಂದ ಮನೆಯ ವಿಷಯಕ್ಕೆ ತೊಂದರೆಯಾಗಬಾರದು. ಹುಡುಗಿ ಮನೆ ನಡೆಸಬಲ್ಲಳು ಎಂದು ಅವರ ಅಭಿಪ್ರಾಯ.’ ನಾನು ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಹೊಸ ಮನೆಯ ನೆಲದ ಮೇಲೆ ಕೂತಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅವರನ್ನು ನೋಡಬೇಕೆನಿಸಿತು, ಆ ಕೂಡಲೇ.

ಅವರ ಹಳೆಯ ಫೋನ್ ನಂಬರು ನನ್ನಲ್ಲಿತ್ತು, ಬೇರೆ ಯಾರಿಗೋ ಹೋಗಿತ್ತು. ಈ ವರ್ಷದ ಯುಗಾದಿಗೆ ಶೋವ್ಡೆಗೆ ಹೋದೆ. ರೈಲಿನುದ್ದಕ್ಕೂ ‘ನಮಸ್ಕಾರ ಆಂಟಿ, ನಾನು’ ಎಂದು ತುಟಿಯೊಳಗೇ ಹೇಳಿಕೊಂಡು ಹೋದೆ. ಅದೇ ಹಾಲ್. ಜನ ಇನ್ನೂರು ದಾಟಿದ್ದರು. ಇಳಕಲ್ ಸೀರೆ ಕಂಡಲ್ಲೆಲ್ಲ ಎರಡು ಸಲ ನೋಡಿದೆ. ಕೊನೆಗೆ ಕೋಸಂಬರಿ ಬಡಿಸುತ್ತಿದ್ದ ಒಬ್ಬ ಹೆಂಗಸನ್ನು ಆಂಟಿಯ ಹೆಸರು ಹೇಳಿ ಕೇಳಿದೆ. ಸುಮಾರು ಐವತ್ತು ವಯಸ್ಸು, ಕೈಯಲ್ಲಿ ಸೌಟು.

‘ಅಯ್ಯೋ, ಅವರು ಹೋಗಿ ಎರಡು ವರ್ಷ ಆಯ್ತಲ್ಲಮ್ಮ. ಹಾರ್ಟ್ ಪ್ರಾಬ್ಲಮ್ ಇತ್ತು,’ ಅಂದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನಿಮಗೆ ಹೇಗೆ ಪರಿಚಯ ಅವ್ರು? ರಿಲೇಟಿವ್ಸಾ?’

ಹಿಂದೆ ಸಾಲು ನಿಂತಿತ್ತು. ಕೇಳಿಸಿಕೊಳ್ಳುವ ಕಿವಿಗಳು ಕಡಿಮೆ ಇರಲಿಲ್ಲ. ಸುಮ್ಮನೆ ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು.

‘ಇಲ್ಲ,’ ಅಂದೆ. ‘ನಾನು ಇಲ್ಲಿ ಫಾಸ್ಟರ್ ಮನೇಲಿ ಬೆಳೆದವಳು. ಅಲ್ಲಿಂದ ಹೊರಗೆ ಬಂದಾಗ ಅವರು ನನ್ನ ಕಾಂಟ್ಯಾಕ್ಟ್ ಪರ್ಸನ್ ಆಗಿದ್ರು. ಪ್ರತಿ ಭಾನುವಾರ ನಮ್ಮನೆಗೆ ಬರ್ತಿದ್ರು.’

ಅವಳು ಸೌಟನ್ನು ಪಾತ್ರೆಯಲ್ಲಿಟ್ಟಳು. ‘ಹೌದಾ? ನಿಮ್ಮ ವಿಷಯ ನಮ್ಮ ಹತ್ರ ಒಂದು ದಿನಾನೂ ಹೇಳ್ಲೇ ಇಲ್ವಲ್ಲ ಅವ್ರು!’

‘ಅವರು ಹೇಳೋ ಹಾಗಿರ್ಲಿಲ್ಲ,’ ಅಂದೆ. ‘ನಾನೇ ಮೊದಲು ಮಾತಾಡಿಸ್ಬೇಕಿತ್ತು.’